ಊಸಿಮಲೆ ತಿರುವಿನಲ್ಲಿ ನಿಂತ ಬಸ್ಸು

ಏಪ್ರಿಲ್ 7, 2025, ಸೋಮವಾರ
ಗೂಡಲೂರು

ಟೈರ್ ಅಂಗಡಿಯವರು ಹೊಸ ವರ್ಷಕ್ಕೆ ಕೊಟ್ಟ ಈ ಡೈರಿ ಇಷ್ಟು ದಿನ ಬೀರುವಿನಲ್ಲಿ ಬಟ್ಟೆಗಳ ಅಡಿ ಬಿದ್ದಿತ್ತು. ಇವತ್ತು ಬರೆದಿಡುವಂಥದ್ದು ಒಂದು ನಡೆಯಿತು, ಅದಕ್ಕೇ ತೆಗೆದೆ.

ಬೆಳಿಗ್ಗೆ ಬಸ್ಸುಗಳ ಮಾಲೀಕರು, ಅಂದರೆ ನಮ್ಮ ಮೊದಲಾಳಿ ಮುರಳೀಧರನ್ ಅವರು, ನಮ್ಮ ಬೆಟ್ಟದಮ್ಮ ಮೋಟಾರ್ ಸರ್ವಿಸ್‌ನ ಡ್ರೈವರುಗಳನ್ನೆಲ್ಲ ಶೆಡ್ಡಿಗೆ ಕರೆಸಿದ್ದರು. ಅವರ ಪಕ್ಕದಲ್ಲಿ ಒಬ್ಬಳು ಡಾಕ್ಟರ್ ಹುಡುಗಿ. ಹೆಸರು ಅಭಿನಯಾ. ಕೋತಗಿರಿ ಕಡೆಯ ಬಡಗರವಳು, ಊಟಿಯ ಮೆಡಿಕಲ್ ಕಾಲೇಜಿನಲ್ಲಿ ಸಂಶೋಧನೆ ಮಾಡುತ್ತಿದ್ದಾಳಂತೆ. ಗೂಡಲೂರಿನಿಂದ ಊಟಿಗೆ ಘಾಟಿ ಹತ್ತಿ ಇಳಿಯುವ ಡ್ರೈವರುಗಳ ರಕ್ತದೊತ್ತಡ ದಾರಿಯಲ್ಲಿ ಹೇಗೆ ಏರುತ್ತದೆ, ಹೇಗೆ ಇಳಿಯುತ್ತದೆ, ಹೃದಯ ಅದಕ್ಕೆ ಏನು ಮಾಡುತ್ತದೆ ಎಂದು ನೋಡಬೇಕಂತೆ. ನಾನು ಕನ್ನಡದವನೆಂದು ತಿಳಿದ ಮೇಲೆ ತಮಿಳು ಬಿಟ್ಟು, ತನ್ನ ಬಡಗ ಮಾತಿಗೆ ಕನ್ನಡ ಬೆರೆಸಿ ಮಾತಾಡಿದಳು. ನಮ್ಮ ಎನ್ನುವುದಕ್ಕೆ ಎಂಗ ಎನ್ನುತ್ತಾಳೆ, ಇಲ್ಲ ಎನ್ನುವುದಕ್ಕೆ ಇಲ್ಲೆ.

“ಆಸ್ಪತ್ರೆಲಿ ಕುಂತಾಗ ಬಿ.ಪಿ. ನೋಡ್ತಾರೆ ಅಣ್ಣ. ತಿರುವಿನಲ್ಲಿ ಎದುರಿಗೆ ಲಾರಿ ಬಂದಾಗ ನಿಮ್ಮ ಎದೆ ಏನು ಮಾಡ್ತದೆ ಅಂತ ಎಂಗ ಬೆಟ್ಟದಲ್ಲಿ ಯಾರೂ ನೋಡಿಲ್ಲೆ.”

ಹೆಸರು ಕೊಡಲು ಯಾರೂ ಮುಂದೆ ಬರಲಿಲ್ಲ. ಬಿ.ಪಿ. ಇದೆ ಎಂದು ಗೊತ್ತಾದರೆ ಸ್ಟೀರಿಂಗ್ ಕೈತಪ್ಪುತ್ತದೆ ಎಂಬ ಭಯ ಎಲ್ಲರಿಗೂ. ಮಹಾಲಿಂಗಂ ನನ್ನ ಸೊಂಟಕ್ಕೆ ತಿವಿದು, “ಏನಣ್ಣಾ, ಇದು ನಮ್ಮನ್ನ ಮನೆಗೆ ಕಳಿಸೋ ದಾರಿಯಾ?” ಎಂದ. ಊಟಿ ರಸ್ತೆಯಲ್ಲಿ ನನ್ನ ನಂತರದ ಹಿರಿಯ ಡ್ರೈವರ್ ಅವನೇ. ಅವನೇ ಹೀಗೆಂದರೆ ಉಳಿದವರ ಗತಿ?

ನಾನೇ ಎದ್ದು ಅಂಗಿಯ ತೋಳು ಮಡಚಿದೆ. “ಇಪ್ಪತ್ತೇಳು ವರ್ಷದಿಂದ ಈ ರಸ್ತೇಲಿದ್ದೀನಿ ಕಣಮ್ಮ. ಒಂದು ಮಡ್‌ಗಾರ್ಡ್ ಉಜ್ಜಿಲ್ಲ, ಒಂದು ಮಾತ್ರೆ ನುಂಗಿಲ್ಲ. ನನ್ನದು ನೋಡು” ಎಂದೆ.

ನೂರ ಇಪ್ಪತ್ತೆಂಟು, ಎಂಬತ್ತು. “ಹುಡುಗರ ಹಾಗೆ ಇದೆ” ಎಂದಳು. ಶೆಡ್ಡಿನಲ್ಲಿದ್ದವರೆಲ್ಲ ನಕ್ಕರು, ಆಮೇಲೆ ಒಬ್ಬೊಬ್ಬರಾಗಿ ಬಂದು ಹೆಸರು ಕೊಟ್ಟರು. ಹೋಗುವಾಗ ಮೊದಲಾಳಿ ನನ್ನ ಭುಜ ತಟ್ಟಿ, “ನೀವು ಎದ್ದಿದ್ದಕ್ಕೇ ಇದು ಆಯ್ತು ಕಾಳಯ್ಯ” ಎಂದರು. ಅದು ನಿಜ ಕೂಡ.

ಏಪ್ರಿಲ್ 10, ಗುರುವಾರ

ಪರೀಕ್ಷೆ. ಮೊದಲು ಮಲಗಿಸಿದರು, ಆಮೇಲೆ ಥಟ್ಟನೆ ಎದ್ದು ನಿಲ್ಲಲು ಹೇಳಿದರು. ನಿಂತ ಕೂಡಲೇ ರಕ್ತ ಕಾಲಿಗಿಳಿಯುತ್ತದಂತೆ, ಹೃದಯವೂ ರಕ್ತನಾಳಗಳೂ ಕ್ಷಣದಲ್ಲಿ ಅದನ್ನು ಸರಿಮಾಡಿಕೊಳ್ಳಬೇಕಂತೆ. ನನ್ನದು ಸರಿಮಾಡಿಕೊಂಡಿತು. ಆಮೇಲೆ ಐಸ್ ತುಂಬಿದ ಬಕೆಟ್ಟಿನಲ್ಲಿ ಮಣಿಕಟ್ಟಿನವರೆಗೆ ಕೈ. ಚಳಿಗೆ ಒತ್ತಡ ಎಷ್ಟು ಜಿಗಿಯುತ್ತದೆ ಎಂದು ನೋಡಲು. ಮಹಾಲಿಂಗಂ ಬೇಗ ಕೈ ತೆಗೆದು ಊದಿಕೊಂಡ. ನಾನು ಅವಳು ಸಾಕೆನ್ನುವವರೆಗೂ ಇಟ್ಟುಕೊಂಡಿದ್ದೆ. ಡಿಸೆಂಬರಿನಲ್ಲಿ ಊಟಿ ಸ್ಟ್ಯಾಂಡಿನಲ್ಲಿ ಮಂಜು ಹೆಪ್ಪುಗಟ್ಟಿದ ಗಾಜು ಒರೆಸಿದ ಕೈ ಇದು.

ಸಂಜೆ ನನ್ನ ಕಂಡಕ್ಟರ್ ಮಣಿಕಂಡನ್ ಇದನ್ನು ಬಸ್ಸಿನಲ್ಲೆಲ್ಲ ಹೇಳಿಕೊಂಡು ಬಂದ. ಬೇಡ ಎಂದೆ. ಜೋರಾಗಿ ಬೇಡ ಎನ್ನಲಿಲ್ಲ.

ಏಪ್ರಿಲ್ 24, ಗುರುವಾರ

ಈಗ ರಸ್ತೆಯ ಮೇಲಿನ ಪರೀಕ್ಷೆ. ಎದೆಗೆ ಒಂದು ಬೆಲ್ಟು, ಅದು ಬಡಿತವನ್ನು ಬಿಡದೆ ಬರೆದುಕೊಳ್ಳುತ್ತದೆ. ತೋಳಿಗೆ ಪಟ್ಟಿ, ಅದು ಆಗಾಗ ತಾನೇ ಉಬ್ಬಿ ಒತ್ತಡ ಅಳೆಯುತ್ತದೆ. ಅಭ್ಯಾಸವಾಗಲೆಂದು ಮೊದಲು ಶೆಡ್ಡಿನಲ್ಲೇ ಕಟ್ಟಿ ಕೂರಿಸಿದ್ದರು. ಕೆಲವು ಟ್ರಿಪ್ಪುಗಳಲ್ಲಿ ಎಂದಿನ ಹಾಗೆ ಒಂದೇ ಓಟಕ್ಕೆ ಇಳಿಯಬೇಕು. ಕೆಲವು ಟ್ರಿಪ್ಪುಗಳಲ್ಲಿ ನಡುವಟ್ಟಂನಲ್ಲಿ ಹತ್ತು ನಿಮಿಷ ಬಸ್ಸು ನಿಲ್ಲಿಸಿ, ಇಳಿದು ಕುಳಿತು ಮುಂದೆ ಹೋಗಬೇಕು. ಎರಡಕ್ಕೂ ಏನು ವ್ಯತ್ಯಾಸ ಎಂದು ನೋಡುವುದೇ ಅವಳ ಸಂಶೋಧನೆಯ ತಿರುಳು.

ನನಗೆ ಈ ನಿಲ್ಲುವುದು ಹಿಡಿಸಲಿಲ್ಲ. ನಡುವಟ್ಟಂನಲ್ಲಿ ಹತ್ತು ನಿಮಿಷ ಕೂರಬೇಕಾದವನು ಡ್ರೈವರೇ ಅಲ್ಲ. ಆದರೂ ಮಾತು ಕೊಟ್ಟಿದ್ದೇನೆ.

ಮೇ 12, ಸೋಮವಾರ

ಇವತ್ತು ಅವಳು ತನ್ನ ಕೋಣೆಗೆ ನನ್ನೊಬ್ಬನನ್ನೇ ಕರೆದಳು. ಬಾಗಿಲು ಮುಂದೆ ಮಾಡಿ, ಕಂಪ್ಯೂಟರ್ ನನ್ನ ಕಡೆ ತಿರುಗಿಸಿದಳು.

“ಕುಂತಾಗ ನಿಮ್ಮದು ಸರಿ ಇದೆ ಅಣ್ಣ. ರಸ್ತೆಲಿ ಸರಿ ಇಲ್ಲೆ. ಇಳಿಜಾರಲ್ಲಿ ನೂರ ಎಂಬತ್ತು ದಾಟ್ತದೆ. ಡ್ಯೂಟಿ ಮುಗಿದು ಶೆಡ್ಡಿಗೆ ಬಂದ್ರೂ ಇಳಿಯೋದಿಲ್ಲೆ. ಆಸ್ಪತ್ರೆಲಿ ಅವಿತುಕೊಂಡು, ಕೆಲಸದಲ್ಲಿ ಹೊರಗೆ ಬರೋ ಬಿ.ಪಿ. ಇದು. ಮಾತ್ರೆ ಬೇಕು. ದೊಡ್ಡ ಡಾಕ್ಟರನ್ನ ನಾನೇ ಮಾತಾಡಿಸ್ತೀನಿ.”

“ನಿನ್ನ ಮಿಷನ್ನಿಗೆ ಘಾಟಿ ಹೊಸದು ಕಣಮ್ಮ” ಎಂದೆ.

“ನಿಮ್ಮ ಶೆಡ್ಡಿನ ಉಳಿದ ಡ್ರೈವರುಗಳಿಗೂ ಇದೇ ಮಿಷನ್ನು ಹಾಕಿದೀನಿ.”

“ಹಾಗಾದ್ರೆ ಅವರನ್ನ ನೋಡ್ಕೋ.”

“ಮೊದಲಾಳಿಗೆ ನಾ ಹೇಳೋದಿಲ್ಲೆ. ಯಾರಿಗೂ ಹೆಸರು ಹೇಳೋದಿಲ್ಲೆ, ಅದು ನಮ್ಮ ನಿಯಮ. ಆದರೆ ನೀವು ಸುಮ್ಮನಿರಬೇಡಿ.”

ನಾನು ಬೆಲ್ಟು ಬಿಚ್ಚಿ ಅವಳ ಮೇಜಿನ ಮೇಲಿಟ್ಟು ಬಂದೆ. ಪ್ರತಿ ವರ್ಷ ಫಿಟ್‌ನೆಸ್ ಪರೀಕ್ಷೆಯಲ್ಲಿ ಡಾಕ್ಟರು ನನ್ನ ತೋಳು ಹಿಡಿದು ಪಕ್ಕದವರಿಗೆ ತೋರಿಸುತ್ತಾರೆ. ಮೊನ್ನೆ ಮೊನ್ನೆ ಓದು ಮುಗಿಸಿದ ಹುಡುಗಿ ನನ್ನನ್ನು ರೋಗಿ ಎನ್ನುತ್ತಾಳೆ.

ಮೇ 13, ಮಂಗಳವಾರ

ಏಕೆ ಬಿಟ್ಟೆ ಎಂದು ಮಹಾಲಿಂಗಂ ಕೇಳಿದ. ನನಗೆ ಬೇಡವೆನಿಸಿತು ಎಂದೆ, ಅಷ್ಟೆ. ಸಂಜೆಯೊಳಗೆ ಅವನೂ ಇನ್ನು ಕೆಲವರೂ ಬೆಲ್ಟು ವಾಪಸು ಕೊಟ್ಟರು. ನನ್ನ ಮಾತಿಗೆ ಶೆಡ್ಡಿನಲ್ಲಿ ಅಷ್ಟು ತೂಕವಿದೆ. ಖುಷಿಯಾಗಬೇಕಿತ್ತು.

ಜೂನ್ 1, ಭಾನುವಾರ

ಊಟಿಯ ಸೀಸನ್ ಮುಗಿಯಿತು. ಈ ಸಲದಷ್ಟು ಕಾರು ನಾನು ನೋಡಿಲ್ಲ. ಇಳಿಜಾರಿನಲ್ಲಿ ಗೇರು ಬಿಟ್ಟು ಬ್ರೇಕಿನ ಮೇಲೇ ಇಳಿಯುವ ಪ್ರವಾಸಿಗಳು, ತಿರುವಿನಲ್ಲೇ ಬಾಗಿಲು ತೆರೆದು ಫೋಟೋಗೆ ನಿಲ್ಲುವವರು. ಚಿಲ್ಲರೆಯ ವಿಷಯಕ್ಕೆ ನಿನ್ನೆ ಮಣಿಕಂಡನ್ ಮೇಲೆ ಜನರೆದುರೇ ರೇಗಿದೆ. ಅವನು ಚೀಲ ಹಿಡಿದು ಹಿಂದಿನ ಸೀಟುಗಳ ಕಡೆ ಹೋದ.

“ತಲೆನೋವಾ?” ಎಂದು ವೀಣಾ ಕೇಳಿದಳು.

“ಬಿಸಿಲು” ಎಂದೆ.

“ಊಟಿಯಲ್ಲಿ ಎಲ್ಲಿಯ ಬಿಸಿಲು?” ಎಂದು ಅವಳು ಹೊಲಿಗೆ ಮಿಷನ್ನಿನ ಕಡೆ ತಿರುಗಿದಳು. ಶಾಲೆಗಳು ತೆರೆಯುವ ಸಮಯ, ಅವಳಿಗೆ ಯೂನಿಫಾರ್ಮ್ ಹೊಲಿಯಲು ಕೈತುಂಬ ಕೆಲಸ. ಇಲ್ಲದಿದ್ದರೆ ಅಷ್ಟಕ್ಕೇ ಬಿಡುವವಳಲ್ಲ.

ಜೂನ್ 15, ಭಾನುವಾರ

ಅಭಿನಯಾ ಮನೆಗೇ ಬಂದಳು. ಕೋತಗಿರಿಯಿಂದ ಗೂಡಲೂರಿಗೆ ಎರಡು ಬಸ್ಸು ಬದಲಿಸಿ ಬಂದಿದ್ದಳು. ವೀಣಾ ಬಟ್ಟೆಗಳನ್ನು ಸರಿಸಿ ಕುರ್ಚಿ ಕೊಟ್ಟಳು, ಕಾಫಿ ಕೊಟ್ಟಳು. ನಾನು ಪೇಪರ್ ಓದುತ್ತಿದ್ದೆ. ಓದುತ್ತಿದ್ದೆ ಎಂದರೆ ಹಿಡಿದುಕೊಂಡಿದ್ದೆ.

ಸಂಶೋಧನೆ ನಿಂತ ಹಾಗೇ ಇದೆಯಂತೆ. ಡ್ರೈವರುಗಳು ಸಾಲದೆಂದು ಅವಳ ಗೈಡ್ ಹೇಳಿದ್ದಾರಂತೆ, ಇನ್ನೆರಡು ತಿಂಗಳು ನೋಡಿ ಮುಚ್ಚಿಬಿಡಿ ಎಂದು. ಅದನ್ನು ಅವಳಾಗಿ ಹೇಳಲಿಲ್ಲ, ವೀಣಾ ಕೆದಕಿ ಕೇಳಿದ್ದಕ್ಕೆ ಹೇಳಿದಳು.

“ನಾ ಅದಕ್ಕೆ ಬಂದಿಲ್ಲೆ ಅಣ್ಣ. ಸಂಶೋಧನೆಗೆ ನೀವು ಬರದಿದ್ರೂ ಪರವಾಗಿಲ್ಲೆ.”

“ಮತ್ತೆ?”

ಆಗ ಅವಳು ತನ್ನ ಅಪ್ಪನ ವಿಷಯ ಹೇಳಿದಳು. ಹೆಸರು ಹಾಲಿ. ಚಹಾ ಸೊಪ್ಪಿನ ಲಾರಿ ಓಡಿಸುತ್ತಿದ್ದವರು. ಹಟ್ಟಿ ಹಟ್ಟಿಯಿಂದ ಎಲೆ ತುಂಬಿಕೊಂಡು ಫ್ಯಾಕ್ಟರಿಗೆ ಇಳಿಸುವುದು, ದಿನವಿಡೀ ಅದೇ ಇಳಿಜಾರು. ಫಿಟ್‌ನೆಸ್ ಪರೀಕ್ಷೆಯಲ್ಲಿ ಎಲ್ಲ ಸರಿಯಿದೆ ಎಂದು ಬರೆಸಿಕೊಂಡು ಬಂದ ತಿಂಗಳಲ್ಲೇ ಫ್ಯಾಕ್ಟರಿ ಗೇಟಿನಲ್ಲಿ ಸ್ಟೀರಿಂಗ್ ಮೇಲೆ ಬಿದ್ದರು. ಲಾರಿ ನಿಂತಿತ್ತು, ಅದರಿಂದ ಬೇರೆ ಯಾರಿಗೂ ಏನೂ ಆಗಲಿಲ್ಲ. ಬಲಗೈ ಬಲಗಾಲು ಇನ್ನೂ ಸ್ವಾಧೀನಕ್ಕೆ ಬಂದಿಲ್ಲ.

“ಎಂಗ ಅಪ್ಪನ ತೋಳಿಗೆ ರಸ್ತೆಲಿ ಯಾರೂ ಪಟ್ಟಿ ಕಟ್ಟಿರಲಿಲ್ಲೆ” ಎಂದಳು. ಅಳಲಿಲ್ಲ. ಚೀಲದಿಂದ ಒಂದು ಮಿಷನ್ನು ತೆಗೆದು ಮೇಜಿನ ಮೇಲಿಟ್ಟಳು. “ಇದು ಒಂದು ಹಗಲು ಒಂದು ರಾತ್ರಿ ಹಾಕ್ಕೊಳ್ಳೋದು. ಎದೆ ಬೆಲ್ಟೂ ಇದೆ. ನಾ ತಪ್ಪು ಅಂತ ತೋರಿಸೋದಕ್ಕಾದ್ರೂ ಹಾಕ್ಕೊಳ್ಳಿ.”

ನಾನು ಪೇಪರ್ ಮಡಚಲಿಲ್ಲ. ಮಿಷನ್ನನ್ನು ಎತ್ತಿಕೊಂಡವಳು ವೀಣಾ. ಹೇಗೆ ಕಟ್ಟುವುದು, ಹೇಗೆ ಶುರುಮಾಡುವುದು ಎಂದು ಎರಡೆರಡು ಸಲ ಕೇಳಿ ಕಲಿತುಕೊಂಡಳು.

ಜೂನ್ 18, ಬುಧವಾರ

ವೀಣಾಳ ಸಲುವಾಗಿ ನಾಳೆ ಹಾಕಿಕೊಳ್ಳುತ್ತೇನೆ. ಮೂರು ದಿನದಿಂದ ಮಾತು ಬಿಟ್ಟಿದ್ದಾಳೆ. ಅವಳು ಜಗಳವಾಡಿದರೆ ನನಗೆ ಉತ್ತರ ಗೊತ್ತಿದೆ. ಮಾತು ಬಿಟ್ಟರೆ ಗೊತ್ತಿಲ್ಲ.

ಜೂನ್ 21, ಶನಿವಾರ
ಆಸ್ಪತ್ರೆ

ಎಡಗೈಗೆ ಸೂಜಿ ಚುಚ್ಚಿದ್ದಾರೆ, ಬಲಗೈ ಖಾಲಿ ಇದೆ. ವೀಣಾ ಡೈರಿ ತಂದುಕೊಟ್ಟಳು, ಓದಿಲ್ಲ ಎಂದಳು.

ಗುರುವಾರದ್ದು ಬರೆಯಬೇಕು. ಬೆಳಿಗ್ಗೆ ಅಂಗಿಯೊಳಗೆ ಬೆಲ್ಟು, ತೋಳಿಗೆ ಪಟ್ಟಿ. ಮಣಿಕಂಡನ್ ಒಬ್ಬನಿಗೆ ಹೇಳಿದ್ದೆ. ಹತ್ತುವಾಗ ಏನೂ ಇರಲಿಲ್ಲ. ಮಧ್ಯಾಹ್ನ ಊಟಿಯಿಂದ ಹೊರಟಾಗ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಪೈಕಾರ ದಾಟಿದ ಮೇಲೆ ಮಂಜು ಕವಿಯಿತು. ನಡುವಟ್ಟಂನಲ್ಲಿ ಎಸ್ಟೇಟಿನ ಹೆಂಗಸರು ಹತ್ತಿದರು, ದಿನಾ ಬರುವ ವಳ್ಳಿಯೂ ಇದ್ದಳು. ಅಲ್ಲಿಂದ ಕೆಳಗೆ ಮಂಜು ಎಂದರೆ ಬಾನೆಟ್ಟಿನ ಮುಂದೆ ಬಿಳಿ ಬಟ್ಟೆ ಕಟ್ಟಿದ ಹಾಗೆ. ಅದು ನನಗೆ ಹೊಸದಲ್ಲ. ತಿರುವುಗಳು ಕೈಯಲ್ಲೇ ಇವೆ.

ಎದುರಿನಿಂದ ಒಂದು ಕಾರು ನಮ್ಮ ಬದಿಗೇ ಬಂತು. ತಪ್ಪಿಸಿದೆ. ತಪ್ಪಿಸಿದ ಮೇಲೆ ಹಿಂದಲೆಯಲ್ಲಿ ಯಾರೋ ಸುತ್ತಿಗೆಯಿಂದ ಬಡಿದ ಹಾಗಾಯಿತು. ತೋಳಿನ ಪಟ್ಟಿ ಉಬ್ಬಿತು, ಬಿಗಿಯಿತು, ಬಿಡಲಿಲ್ಲ. ಎಡಗಣ್ಣಿನ ಅಂಚಿನಿಂದ ಕತ್ತಲೆ ಒಳಗೆ ಬರುತ್ತಿತ್ತು. ಬೆವರು. ಒಂದು ತಿರುವು ದಾಟಿದೆ. ಗೂಡಲೂರು ಇನ್ನೇನು ಬಂತು, ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಒಂದು ಕಡೆ ಕುಳಿತರಾಯಿತು ಎಂದುಕೊಂಡೆ. ಈ ರಸ್ತೆಯಲ್ಲಿ ನನ್ನ ಬಸ್ಸು ನಡುದಾರಿಯಲ್ಲಿ ನಿಂತದ್ದಿಲ್ಲ.

ಊಸಿಮಲೆ ತಿರುವಿನ ಹತ್ತಿರ ಬಂದಾಗ ಮುಂದಿನ ತಡೆಗೋಡೆ ಒಂದು ಇತ್ತೋ ಎರಡೋ ಎಂದು ನನಗೆ ತಿಳಿಯಲಿಲ್ಲ.

ನಿಲ್ಲಿಸಿದೆ. ಮೊದಲ ಗೇರಿಗೆ ತಂದು, ಬೆಟ್ಟದ ಬದಿಗೆ ಒತ್ತಿ, ಚರಂಡಿಗೆ ಚಕ್ರ ತಾಗಿಸಿ, ಹ್ಯಾಂಡ್ ಬ್ರೇಕ್ ಎಳೆದು, ಎಂಜಿನ್ ಆರಿಸಿದೆ. ಲೈಟು ಮಿಣುಕುವಂತೆ ಹಾಕಿದೆ. ಎಲ್ಲ ಕೈಯೇ ಮಾಡಿತು. ಮಣಿಕಂಡನ್ ಓಡಿ ಬಂದ. ಗಾಬರಿಯಾದರೆ ಅವನಿಗೆ ಮಲಯಾಳ ಬರುತ್ತದೆ. “ಎಂತಾ ಅಣ್ಣೇ, ಎಂತಾ?” ಏನಾಯಿತು ಎಂದು ಕೇಳುತ್ತಿದ್ದ.

“ಚಕ್ರಕ್ಕೆ ಕಲ್ಲು ಕೊಡು. ನಾನು ಓಡಿಸಲ್ಲ” ಎಂದೆ.

ಹಿಂದಿನಿಂದ ಒಬ್ಬರು ಕೂಗಿದರು, ತನಗೆ ಮೈಸೂರು ಬಸ್ಸು ತಪ್ಪುತ್ತದೆ, ಹೊರಡಿಸಯ್ಯಾ ಎಂದು. ಇನ್ನೊಬ್ಬರು ಕುಡಿದಿದ್ದಾನೋ ಎಂದರು. ಅದು ಕೇಳಿಸಿತು. ಇಷ್ಟು ವರ್ಷಗಳಲ್ಲಿ ಆ ಮಾತು ನನಗೆ ಯಾರೂ ಅಂದಿರಲಿಲ್ಲ. ವಳ್ಳಿ ಎದ್ದು ನಿಂತು ತಮಿಳಿನಲ್ಲಿ ಅವರಿಗೆ ಸರಿಯಾಗಿ ಹೇಳಿದಳು, “ಆ ಮುಖ ನೋಡಿ ಮಾತಾಡು” ಎಂದು. ತನ್ನ ಬಾಟಲಿಯ ನೀರನ್ನು ನನ್ನ ಬಾಯಿಗೆ ಹಿಡಿದಳು, ಟವೆಲಿನಿಂದ ಬೆವರು ಒರೆಸಿದಳು. ಹಿಂದೆಯೇ ಮಹಾಲಿಂಗಂ ಬಸ್ಸು ಬಂತು. ಅವನು ಜನರನ್ನೂ ಕರೆದುಕೊಂಡ, ನನ್ನನ್ನೂ ಮುಂದಿನ ಸೀಟಿಗೆ ಎತ್ತಿ ಕೂರಿಸಿದ. ದಾರಿಯುದ್ದಕ್ಕೂ ಗೇರು ಬದಲಿಸಿದ ಮೇಲೆಲ್ಲ ಎಡಗೈಯಿಂದ ನನ್ನ ಮೊಣಕಾಲು ಮುಟ್ಟಿ ನೋಡುತ್ತಿದ್ದ.

ಇಲ್ಲಿ ನೋಡಿದಾಗ ಇನ್ನೂರ ಹದಿನಾರು ಇತ್ತಂತೆ. ಹೃದಯಾಘಾತವಲ್ಲ, ಪಾರ್ಶ್ವವಾಯುವೂ ಅಲ್ಲ. ಸ್ವಲ್ಪದರಲ್ಲಿ ತಪ್ಪಿತು ಎಂದರು ದೊಡ್ಡ ಡಾಕ್ಟರು. ಅಭಿನಯಾ ಡಾಕ್ಟರು ಊಟಿಯಿಂದ ಬಂದು ಮಂಚದ ಪಕ್ಕ ನಿಂತಿದ್ದರು. ನಾನು ಹೇಳಿದ್ದೆನಲ್ಲ ಎಂದು ಅವರು ಅನ್ನಲಿಲ್ಲ. ಅನ್ನುತ್ತಾರೆಂದು ನಾನು ಕಣ್ಣು ಮುಚ್ಚಿಕೊಂಡೇ ಮಲಗಿದ್ದೆ.

ಜುಲೈ 4, ಶುಕ್ರವಾರ

ಮನೆಯಲ್ಲಿದ್ದೇನೆ. ದಿನಕ್ಕೆ ಎರಡು ಮಾತ್ರೆ. ಉಪ್ಪು ಕಡಿಮೆ. ಉಪ್ಪಿನಕಾಯಿ ಜಾಡಿಯನ್ನು ವೀಣಾ ಪಕ್ಕದ ಮನೆಗೆ ಕೊಟ್ಟುಬಿಟ್ಟಿದ್ದಾಳೆ.

ಮೊದಲಾಳಿ ಬಂದಿದ್ದರು. ಹೊಟ್ಟೆ ಕೆಟ್ಟು ಹೀಗಾಯಿತು ಎಂದು ಹೇಳಬಹುದಿತ್ತು. ಮಣಿಕಂಡನ್ ಹಾಗೇ ಹೇಳಿಯೂ ಇಟ್ಟಿದ್ದ. ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ: ಮೇ ತಿಂಗಳಿಂದ ಗೊತ್ತಿತ್ತು, ನಂಬಲಿಲ್ಲ, ಮಾತ್ರೆ ತೆಗೆದುಕೊಳ್ಳಲಿಲ್ಲ. ಅವರು ಮೇಜಿನ ಮೇಲಿದ್ದ ಮಾತ್ರೆಗಳನ್ನು ಎತ್ತಿ ನೋಡಿ ಇಟ್ಟರು. “ಡಾಕ್ಟರ್ ಸರಿ ಅಂದ ಮೇಲೆ ಬನ್ನಿ” ಎಂದರು. ಬರಬೇಡಿ ಎನ್ನಲಿಲ್ಲ. ಬನ್ನಿ ಎಂದದ್ದೂ ಗಟ್ಟಿಯಾಗಿರಲಿಲ್ಲ.

ಬೆಳಗಿನ ಬಸ್ಸು ಹೊರಡುವ ಹೊತ್ತಿಗೆ ಎಚ್ಚರವಾಗುತ್ತದೆ. ಹಾರನ್ ಕೇಳಿದರೆ ಯಾರು ಓಡಿಸುತ್ತಿದ್ದಾರೆ ಎಂದು ಗೊತ್ತಾಗುತ್ತದೆ.

ಜುಲೈ 16, ಬುಧವಾರ

ಪರೀಕ್ಷೆಗೆ ಊಟಿಗೆ ಹೋಗಿ ಬಂದೆ. ಮಹಾಲಿಂಗಂ ಬಸ್ಸಿನಲ್ಲಿ, ಟಿಕೆಟ್ ಹರಿಸಿಕೊಂಡು, ಪ್ರಯಾಣಿಕನಾಗಿ. ಮುಂದಿನ ಸೀಟಿನಲ್ಲಿ ಕುಳಿತರೆ ಕಾಲು ತಾನಾಗಿ ಬ್ರೇಕ್ ಒತ್ತುತ್ತದೆ ಎಂದು ಹಿಂದೆ ಕುಳಿತೆ.

ಹಿಂದೆ ಕುಳಿತಾಗಲೇ ಗೊತ್ತಾದದ್ದು, ಬಸ್ಸಿನಲ್ಲಿ ಎಷ್ಟು ಸಂಸಾರಗಳಿವೆ ಎಂದು. ಒಬ್ಬಳು ಮಗುವಿಗೆ ಬ್ರೆಡ್ಡು ಚೂರು ಮಾಡಿ ತಿನ್ನಿಸುತ್ತಿದ್ದಳು. ಒಬ್ಬ ಮುದುಕ ಹೊಸ ಕನ್ನಡಕ ಹಾಕಿ ತೆಗೆದು ಮಾಡುತ್ತಿದ್ದ. ಸ್ಟೀರಿಂಗಿನಲ್ಲಿ ಕುಳಿತಾಗ ನನಗೆ ಇವರೆಲ್ಲ ಸೇರಿ ಒಂದು ಭಾರ, ತಿರುವಿನಲ್ಲಿ ಯಾವ ಕಡೆಗೆ ವಾಲುತ್ತದೆ ಎಂದಷ್ಟೇ ಲೆಕ್ಕ.

ನಡುವಟ್ಟಂನಲ್ಲಿ ಇಳಿಯುವ ಮೊದಲು ವಳ್ಳಿ ನನ್ನ ಸೀಟಿನ ಪಕ್ಕ ನಿಂತಳು. “ಅವತ್ತು ಬಸ್ಸಿನಲ್ಲಿ ನನ್ನ ಮಗಳೂ ಇದ್ದಳು, ಗೊತ್ತಾ? ಕಾಲೇಜಿನಿಂದ ಬರುತ್ತಿದ್ದಳು. ನೀವು ನಿಲ್ಲಿಸಿದ್ದನ್ನ ಮನೆಯಲ್ಲಿ ದಿನಾ ಹೇಳುತ್ತಾಳೆ” ಎಂದಳು, ತಮಿಳಿನಲ್ಲಿ. ನನಗೆ ಗೊತ್ತಿರಲಿಲ್ಲ. ಆ ದಿನ ಬಸ್ಸಿನಲ್ಲಿ ಯಾರು ಯಾರಿದ್ದರೆಂದು ನಾನು ಯೋಚಿಸಿಯೇ ಇರಲಿಲ್ಲ.

ಊಟಿ ಸ್ಟ್ಯಾಂಡಿನಲ್ಲಿ ಮಹಾಲಿಂಗಂ ಚಹಾ ಕುಡಿಸಿದ. ಗ್ಲಾಸು ಹಿಡಿದುಕೊಂಡೇ ಹೇಳಿದೆ. “ನಾನು ಬೆಲ್ಟು ಬಿಚ್ಚಿದ್ದು ಬಿ.ಪಿ. ಇದೆ ಅಂದ್ರು ಅಂತ. ಹೆದರಿ ಬಿಚ್ಚಿದೆ. ನೀವೆಲ್ಲ ನನ್ನ ನೋಡಿ ಬಿಚ್ಚಿದ್ರಿ.”

“ಗೊತ್ತಣ್ಣಾ” ಎಂದ.

“ಗೊತ್ತಾ?”

“ನಿಮ್ಮ ಮುಖ ಅವತ್ತೇ ಹೇಳ್ತು. ನನಗೂ ಅದೇ ಬೇಕಿತ್ತು. ನೀವು ಬಿಚ್ಚಿದ್ರಿ, ನನಗೆ ನೆಪ ಸಿಕ್ತು.”

“ಈಗ ನಾನು ಮತ್ತೆ ಕಟ್ಟಿಸ್ಕೊಳ್ಳೋಕೆ ಹೋಗ್ತಿದ್ದೀನಿ. ಆ ನೆಪ ಹೋಯ್ತಲ್ಲ, ನಡಿ.”

ವಾಪಸು ಟ್ರಿಪ್ಪಿಗೆ ಇನ್ನೂ ಸಮಯವಿತ್ತು. ಇಬ್ಬರೂ ಅಭಿನಯಾ ಡಾಕ್ಟರ ಕೋಣೆಗೆ ನಡೆದೆವು. ಆಸ್ಪತ್ರೆಗೆ ಸೇರಿದ ದಿನದ ನನ್ನ ಲೆಕ್ಕವನ್ನೂ ಸಂಶೋಧನೆಗೆ ಸೇರಿಸಿಕೊಳ್ಳಿ ಎಂದೆ. ಅದಕ್ಕೆ ಬೇಕಾದ ಕಾಗದ ಓದಿ ಹೇಳಿದರು, ರುಜು ಹಾಕಿದೆ. ಮಹಾಲಿಂಗಂ ತೋಳು ಮಡಚಿದ.

ಆಗಸ್ಟ್ 11, ಸೋಮವಾರ

ಇವತ್ತು ಮತ್ತೆ ಪ್ರಯಾಣಿಕರ ಬಸ್ಸಿನ ಸ್ಟೀರಿಂಗ್ ಹಿಡಿದೆ. ದೊಡ್ಡ ಡಾಕ್ಟರು ಒಂದಲ್ಲ ಎರಡು ಸಲ ಘಾಟಿಯಲ್ಲೇ ಪಟ್ಟಿ ಕಟ್ಟಿ, ಖಾಲಿ ಬಸ್ಸು ಓಡಿಸಲು ಹೇಳಿ ನೋಡಿದ ಮೇಲೆ ಒಪ್ಪಿಗೆ ಕೊಟ್ಟರು. ಸೀಟಿಗೆ ಹತ್ತುವಾಗ ಮಣಿಕಂಡನ್ ಬಾಗಿಲು ಹಿಡಿದುಕೊಂಡಿದ್ದ. ಅವನಿಗೆ ನಾನೇ ಕಲಿಸಿದ ಕೆಲಸ, ಆದರೆ ಎಷ್ಟು ಅಚ್ಚುಕಟ್ಟು. ಆ ದಿನ ಮಂಜಿನಲ್ಲಿ ಕಲ್ಲು ಹುಡುಕಿ ಎರಡು ಚಕ್ರಕ್ಕೂ ಕೊಟ್ಟು, ಹಿಂದಿನ ತಿರುವಿಗೆ ಓಡಿ ಬರುವ ವಾಹನಗಳಿಗೆ ಟವೆಲ್ ಬೀಸಿದ್ದ. ಮಹಾಲಿಂಗಂ ಹೇಳಿದ ಮೇಲೆ ತಿಳಿಯಿತು. ಅವನಾಗಿ ಹೇಳಿಲ್ಲ.

ಸಂಶೋಧನೆಗೆ ಈಗ ಬೇರೆ ಸರ್ವಿಸುಗಳ ಡ್ರೈವರುಗಳೂ ಬರುತ್ತಿದ್ದಾರೆ, ತರಕಾರಿ ಲಾರಿಯವರೂ, ಕುಂದಾ ಕಡೆಯ ಜೀಪಿನವರೂ. ರಜೆಯ ದಿನಗಳಲ್ಲಿ ನಾನು ಅವರ ಸ್ಟ್ಯಾಂಡುಗಳಿಗೆ ಹೋಗಿ ಕೂರುತ್ತಿದ್ದೆ, ಅಷ್ಟೆ. ಮಾತ್ರೆಯ ಪಟ್ಟಿಯನ್ನು ಜೇಬಿನಿಂದ ತೆಗೆದು ತೋರಿಸುತ್ತಿದ್ದೆ. ಉಳಿದದ್ದು ಅಭಿನಯಾ ಡಾಕ್ಟರು ಮಾಡಿದ್ದು. ಎಂಥ ತಾಳ್ಮೆ ಆ ಹೆಣ್ಣುಮಗಳದು. ಒಬ್ಬ ಲಾರಿಯವನು ಐಸ್ ಬಕೆಟ್ ನೋಡಿ ಓಡಿಹೋಗಿದ್ದ. ಅವನನ್ನು ಹುಡುಕಿಕೊಂಡು ತರಕಾರಿ ಮಂಡಿಗೇ ಹೋದರು.

ಮಹಾಲಿಂಗಂ ಒತ್ತಡ ಸರಿಯಾಗಿದೆ. ನಡುವಟ್ಟಂನಲ್ಲಿ ಕುಳಿತ ಟ್ರಿಪ್ಪುಗಳಲ್ಲಿ ಇನ್ನೂ ಚೆನ್ನ. ಎಲ್ಲರಿಗೂ ಹೇಳುತ್ತಿದ್ದೇನೆ.

ನವೆಂಬರ್ 15, ಶನಿವಾರ

ಕೋಟು ಹಾಕಿದವರ ನಡುವೆ ಖಾಕಿ ಹಾಕಿಕೊಂಡು ಕುಳಿತು ಬಂದೆ. ವೀಣಾ ಅದನ್ನು ನಿನ್ನೆಯೇ ಒಗೆದು ಗಂಜಿ ಹಾಕಿ ಇಸ್ತ್ರಿ ಮಾಡಿಟ್ಟಿದ್ದಳು.

ಮೆಡಿಕಲ್ ಕಾಲೇಜಿನ ಸಭಾಂಗಣ. ಅಭಿನಯಾ ಡಾಕ್ಟರು ತಮ್ಮ ಸಂಶೋಧನೆಯನ್ನು ಎಲ್ಲರ ಮುಂದೆ ಇಡುವ ದಿನ. ಬೇರೆ ಊರುಗಳಿಂದ ದೊಡ್ಡ ದೊಡ್ಡ ಡಾಕ್ಟರುಗಳು ಬಂದಿದ್ದರು. ಬಸ್ಸಿನ ಮೊದಲಾಳಿಗಳು ಬಂದಿದ್ದರು. ಲೈಸೆನ್ಸ್ ಕೊಡುವ ಆಫೀಸಿನವರೂ ಇದ್ದರು. ಪಾಲ್ಗೊಂಡ ಡ್ರೈವರುಗಳಿಗೆ ಹಿಂದಿನ ಸಾಲು. ನನ್ನ ಒಂದು ಕಡೆ ವೀಣಾ, ಇನ್ನೊಂದು ಕಡೆ ಮುರಳೀಧರನ್ ಅವರು. ಮೊದಲ ಸಾಲಿನ ಅಂಚಿನಲ್ಲಿ ಬಿಳಿ ಮುಂಡಾಸಿನ ಬಡಗರ ಹಿರಿಯರೊಬ್ಬರು ಕೋಲು ಹಿಡಿದು ಕುಳಿತಿದ್ದರು. ಅವರೇ ಹಾಲಿ, ಡಾಕ್ಟರ ಅಪ್ಪ ಎಂದು ಮಹಾಲಿಂಗಂ ಹೇಳಿದ.

ಅಭಿನಯಾ ಡಾಕ್ಟರು ಇಂಗ್ಲಿಷಿನಲ್ಲಿ ಮಾತಾಡಿದರು, ನಡುನಡುವೆ ನಮಗಾಗಿ ತಮಿಳಿನಲ್ಲೂ ಹೇಳಿದರು. ಕುಳಿತಾಗ ಒತ್ತಡ 'ಸರಿ' ಇರುವ ಡ್ರೈವರುಗಳಲ್ಲಿ ಹಲವರಿಗೆ ಇಳಿಜಾರಿನಲ್ಲಿ ಅದು ಹೇಗೆ ಏರುತ್ತದೆ ಎಂದು ತೋರಿಸಿದರು. ಹತ್ತು ನಿಮಿಷ ನಿಂತು ಹೊರಟವರಲ್ಲಿ ಕೆಳಗಿನ ಅರ್ಧ ದಾರಿ ಎಷ್ಟು ಹಗುರ ಎಂದು ತೋರಿಸಿದರು. ಎಷ್ಟು ಕೆಲಸ ಮಾಡಿದ್ದಾರೆ, ನಮಗೆ ಕಂಡದ್ದು ಬೆಲ್ಟು ಬಕೆಟ್ಟು ಮಾತ್ರ.

ಕೊನೆಗೆ ಪರದೆಯ ಮೇಲೆ ಒಂದೇ ಒಂದು ಗೆರೆ ಬಂತು. ಹೃದಯ ಬಡಿತದ ಗೆರೆ, ಅದರ ಮೇಲೆ ಒತ್ತಡದ ಚುಕ್ಕಿಗಳು. ಹೆಸರಿರಲಿಲ್ಲ. ನಡುವಟ್ಟಂನಿಂದ ಕೆಳಗೆ ಗೆರೆ ಕಡಿದಾಗಿ ಏರಿ, ತುದಿಯಲ್ಲಿ ಒಮ್ಮೆ ನಡುಗಿ, ಅಲ್ಲಿಂದ ಇಳಿಯುತ್ತ ಹೋಗುತ್ತದೆ. ಎಲ್ಲಿ ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ವೀಣಾ ನನ್ನ ಮಣಿಕಟ್ಟು ಹಿಡಿದಳು.

ಮುಂದಿನ ಸಾಲಿನ ಹಿರಿಯ ಪ್ರೊಫೆಸರ್ ಒಬ್ಬರು ಕೇಳಿದರು. ಮೆತ್ತಗೇ ಕೇಳಿದರು, ತಮಿಳಿನಲ್ಲಿ. “ಇಲ್ಲಿ ಗೆರೆ ಇಳಿದಿದೆ. ಆದರೆ ನಿಮ್ಮ ನಿಲುಗಡೆ ಇರುವುದು ನಡುವಟ್ಟಂನಲ್ಲಿ, ಇಲ್ಲಿ ಅಲ್ಲ. ಬೆಲ್ಟು ಸಡಿಲವಾಗಿ ಮಿಷನ್ನು ತಪ್ಪು ಬರೆದಿರಬಹುದಲ್ಲ?”

“ಇಲ್ಲ ಸರ್. ಚಾಲಕರು ಅಲ್ಲಿ ಬಸ್ಸು ನಿಲ್ಲಿಸಿದರು.”

“ಘಾಟಿಯ ನಡುವೆ, ತುಂಬಿದ ಬಸ್ಸನ್ನು? ಇದು ಖಚಿತವೇ? ಅವರನ್ನು ಕೇಳಿದ್ದೀರಾ?”

“ಖಚಿತ ಸರ್. ಅದಕ್ಕಿಂತ ಹೆಚ್ಚು ನಾನು ಹೇಳುವಂತಿಲ್ಲ.”

ಅಭಿನಯಾ ಡಾಕ್ಟರು ನಮ್ಮ ಸಾಲಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ನೋಡಿದರೆ ಯಾರೆಂದು ಗೊತ್ತಾಗುತ್ತದೆ ಎಂದು. ಸಭೆಯಲ್ಲಿ ಗುಸುಗುಸು ಶುರುವಾಯಿತು. ಅಷ್ಟು ತಿಂಗಳ ಕೆಲಸ ಒಂದು ಸಡಿಲ ಬೆಲ್ಟಿನ ಅನುಮಾನದಲ್ಲಿ ನಿಂತಿತ್ತು, ಅವರು ಮಾತ್ರ ಕೊಟ್ಟ ಮಾತಿಗಾಗಿ ಸುಮ್ಮನೆ ನಿಂತಿದ್ದರು.

ಎದ್ದೆ. ಲೈಸೆನ್ಸ್ ಆಫೀಸಿನವರ ತಲೆಗಳು ತಿರುಗಿದ್ದು ಕಾಣಿಸಿತು.

“ಅದು ನನ್ನ ಗೆರೆ ಸರ್” ಎಂದೆ. “ನಾನು ಕಾಳಯ್ಯ. ನನಗೆ ಬಿ.ಪಿ. ಇದೆ. ಆ ಜಾಗ ಊಸಿಮಲೆ ತಿರುವು. ಕಣ್ಣು ಕಾಣಲಿಲ್ಲ, ನಿಲ್ಲಿಸಿದೆ.”

ಪ್ರೊಫೆಸರ್ ತಿರುಗಿ ಕುಳಿತರು. “ಎಷ್ಟು ವರ್ಷದಿಂದ ಓಡಿಸುತ್ತಿದ್ದೀರಿ?”

“ಇಪ್ಪತ್ತೇಳು.”

“ಇನ್ನು ಸ್ವಲ್ಪ ದೂರದಲ್ಲಿ ಗೂಡಲೂರು ಇತ್ತು. ಹೇಗೋ ತಲುಪಿಬಿಡೋಣ ಅನ್ನಿಸಲಿಲ್ಲವೇ?”

“ಅನ್ನಿಸಿತು ಸರ್. ಓಡಿಸೋದು ನನಗೆ ಸುಲಭ, ಕೈಗೆ ಅಭ್ಯಾಸ. ನಿಲ್ಲಿಸಿದ್ದೇ ಕಷ್ಟ.”

ಪ್ರೊಫೆಸರ್ ತಲೆಯಾಡಿಸಿ ವೇದಿಕೆಯ ಕಡೆ ತಿರುಗಿ, “ಅದನ್ನು ಚಿತ್ರದ ಮೇಲೇ ಬರೆಯಿರಿ ಡಾಕ್ಟರ್” ಎಂದರು. ಎಲ್ಲರೂ ನೋಡುತ್ತಿದ್ದಂತೆ ಅಭಿನಯಾ ಡಾಕ್ಟರು ಆ ತುದಿಯ ಪಕ್ಕದಲ್ಲಿ ತಮಿಳಿನಲ್ಲಿ ಟೈಪ್ ಮಾಡಿದರು: ಚಾಲಕರು ಇಲ್ಲಿ ಬಸ್ಸು ನಿಲ್ಲಿಸಿದರು. ಒಂದು ಅಕ್ಷರ ತಪ್ಪಿತು, ಅಳಿಸಿ ಮತ್ತೆ ಹೊಡೆದರು.

ಮುರಳೀಧರನ್ ಅವರು ನಾನು ಕೂರಲೆಂದು ಕುರ್ಚಿಯನ್ನು ಹಿಡಿದುಕೊಂಡಿದ್ದರು. “ಇನ್ಮೇಲೆ ನಮ್ಮ ಎಲ್ಲ ಬಸ್ಸೂ ನಡುವಟ್ಟಂನಲ್ಲಿ ಹತ್ತು ನಿಮಿಷ ನಿಲ್ಲುತ್ತೆ” ಎಂದರು. ವೀಣಾ ನನ್ನ ಮಣಿಕಟ್ಟನ್ನು ಇನ್ನೂ ಬಿಟ್ಟಿರಲಿಲ್ಲ.

ಕುಳಿತ ಮೇಲೆ ನೋಡಿದರೆ, ಮೊದಲ ಸಾಲಿನಲ್ಲಿ ಹಾಲಿ ಕೋಲನ್ನು ತೊಡೆಗೆ ಒರಗಿಸಿ ಪೂರ್ತಿ ಹಿಂದಕ್ಕೆ ತಿರುಗಿದ್ದರು. ಬಲಗೈ ಮಡಿಲಲ್ಲಿತ್ತು. ಎಡಗೈ ಎತ್ತಿ, ಬೆರಳು ಬಿಡಿಸಿ, ಒಂದು ಕ್ಷಣ ಹಾಗೇ ಹಿಡಿದರು. ಘಾಟಿಯಲ್ಲಿ ಹತ್ತುವ ಗಾಡಿಗೆ ದಾರಿ ಬಿಟ್ಟು ನಿಂತ ಡ್ರೈವರಿಗೆ ಎದುರಿನ ಡ್ರೈವರ್ ಕೈ ಎತ್ತುವುದು ಹಾಗೇ.

ನಾನೂ ಎತ್ತಿದೆ.